ಲಿಂಕ್ ಕೊಳ್ಳುವ ಮುನ್ನ ತಾಣಗಳ ಪಟ್ಟಿ ಕೇಳಿ

ಮಾನ್ಯರೆ,

‘ತಿಂಗಳಿಗೆ 500 ಬ್ಯಾಕ್‌ಲಿಂಕ್ (ಬೇರೆ ತಾಣಗಳಿಂದ ನಿಮ್ಮ ತಾಣಕ್ಕೆ ಬರುವ ಲಿಂಕ್), ಮೂರು ತಿಂಗಳಲ್ಲಿ ಗೂಗಲ್‌ನ ಮೊದಲ ಪುಟ ಗ್ಯಾರಂಟಿ’ ಎಂಬ ಇ–ಮೇಲ್, ವಾಟ್ಸ್‌ಆ್ಯಪ್ ಸಂದೇಶಗಳು ಹೋಮ್‌ಸ್ಟೇ, ಸೀರೆ ಅಂಗಡಿ, ಕೋಚಿಂಗ್ ಸೆಂಟರ್ ನಡೆಸುವವರಿಗೆ ಎಡೆಬಿಡದೆ ಬರುತ್ತಿವೆ. ಗ್ಯಾರಂಟಿ ಎಂದ ಕೂಡಲೇ ಮಾತುಕತೆ ನಿಲ್ಲಿಸುವುದು ಲೇಸು. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ.

ಒಂದು ತಾಣ ಇನ್ನೊಂದಕ್ಕೆ ಕೊಡುವ ಲಿಂಕನ್ನು ಶಿಫಾರಸಿನಂತೆ ಎಣಿಸುವುದು ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ರೂಪಿಸಿದ, ಪುಟಗಳ ಮಹತ್ವ ಅಳೆಯುವ ಪೇಜ್‌ರ‍್ಯಾಂಕ್ ವಿಧಾನದ ತಿರುಳು. ಶಿಫಾರಸಿಗೆ ಬೆಲೆ ಬಂದಾಗ ಅದು ಮಾರಾಟಕ್ಕೂ ಬಂತು. 2012ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಹುಡುಕಾಟದಲ್ಲಿ ತಂದ ‘ಪೆಂಗ್ವಿನ್’ ಎಂಬ ಬದಲಾವಣೆ ಇಂಥ ಲಿಂಕುಗಳನ್ನು ಕೊಂಡ ತಾಣಗಳನ್ನು ಕೆಳಕ್ಕೆ ತಳ್ಳಿತು. 2016ರಿಂದ ಗೂಗಲ್ ಅವುಗಳಲ್ಲಿ ಹೆಚ್ಚಿನವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ 500 ಲಿಂಕಿಗೆ ಸುರಿದ ಹಣ ಬಹುಪಾಲು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ.

ಆ 500ರಲ್ಲಿ ಏನಿರುತ್ತದೆ? ಯಾರೂ ತೆರೆಯದ ಡೈರೆಕ್ಟರಿಗಳು, ಕಮೆಂಟುಗಳು, ಸುಳ್ಳು ಪ್ರೊಫೈಲುಗಳು, ಅವಧಿ ಮುಗಿದ ಡೊಮೇನ್‌ಗಳನ್ನು (ತಾಣದ ವಿಳಾಸಗಳನ್ನು) ಕೊಂಡು ಹೆಣೆದ ಖಾಸಗಿ ಬ್ಲಾಗ್ ಜಾಲಗಳು. ಏಜೆನ್ಸಿಯವರು ‘ಡಿಎ 50ಕ್ಕೂ ಮೇಲೆ’ ಎಂದು ತೋರಿಸುತ್ತಾರೆ. ಡೊಮೇನ್ ಅಥಾರಿಟಿ ಎಂಬ ಆ ಅಂಕಿ ಮೋಝ್ ಎಂಬ ಕಂಪನಿಯ ಅಂದಾಜು. ಗೂಗಲ್ ಅದನ್ನು ಬಳಸುವುದಿಲ್ಲ, ಕಳಪೆ ಲಿಂಕುಗಳಿಂದಲೇ ಅದನ್ನು ಉಬ್ಬಿಸಲೂ ಬರುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲು ಲಿಂಕ್ ಬರಲಿರುವ ತಾಣಗಳ ಪಟ್ಟಿಯನ್ನು ಬರಹದಲ್ಲಿ ಕೇಳಬೇಕು. ‘ಗೋಪ್ಯ’ ಎಂದರೆ ಬೇಡವೆನ್ನಿ. ಪಟ್ಟಿ ಸಿಕ್ಕರೆ ಒಂದೊಂದನ್ನೂ ತೆರೆದು ನೋಡಿ: ಅಡುಗೆ ಲೇಖನದ ಪಕ್ಕದಲ್ಲೇ ಕ್ಯಾಸಿನೊ, ಸಾಲ, ಕ್ರಿಪ್ಟೊ ಲೇಖನಗಳಿದ್ದರೆ ಅದು ಲಿಂಕ್ ಮಾರುವ ಅಂಗಡಿ. ಗೂಗಲ್‌ನಲ್ಲಿ ‘ಸೈಟ್’ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ತಾಣದ ವಿಳಾಸ ಸೇರಿಸಿ ಹುಡುಕಿ. ಒಂದು ಪುಟವೂ ಬಾರದಿದ್ದರೆ ಅಲ್ಲಿಂದ ಪಡೆದ ಲಿಂಕಿಗೆ ಬೆಲೆಯಿಲ್ಲ. ಲಿಂಕ್ ಕೂರುವ ಪದಗಳನ್ನೂ ಗಮನಿಸಿ. ಸಹಜವಾಗಿ ಲಿಂಕ್ ಕೊಡುವವರು ಅಂಗಡಿಯ ಹೆಸರನ್ನೋ ವಿಳಾಸವನ್ನೋ ಬರೆಯುತ್ತಾರೆ. 40 ಲಿಂಕುಗಳಲ್ಲಿ 30 ‘ಮಡಿಕೇರಿಯ ಅತ್ಯುತ್ತಮ ಹೋಮ್‌ಸ್ಟೇ’ ಎಂದೇ ಇದ್ದರೆ ಕೊಂಡದ್ದೆಂಬುದು ಎದ್ದು ಕಾಣುತ್ತದೆ. ಒಪ್ಪಂದ ಮುಗಿದ ಮೇಲೆ ಲಿಂಕ್ ಉಳಿಯುತ್ತದೆಯೇ ಎಂಬುದನ್ನೂ ಕೇಳಿ. ಎಷ್ಟೋ ಕಡೆ ಅದು ತಿಂಗಳ ಬಾಡಿಗೆ. ಗೂಗಲ್ ಹುಡುಕಾಟದಲ್ಲಿ ನಿಮ್ಮ ತಾಣದ ಸ್ಥಿತಿ ತೋರಿಸುವ ಸರ್ಚ್ ಕನ್ಸೋಲ್ ಖಾತೆಯ ಒಡೆತನ ನಿಮ್ಮ ಇ–ಮೇಲ್‌ನಲ್ಲೇ ಇರಲಿ, ಏಜೆನ್ಸಿಗೆ ನೋಡಲಷ್ಟೇ ಅನುಮತಿ ಸಾಕು.

ಈಗಾಗಲೇ ಸಿಕ್ಕಿಬಿದ್ದವರು ಸರ್ಚ್ ಕನ್ಸೋಲ್‌ನ ‘ಮ್ಯಾನ್ಯುಯಲ್ ಆ್ಯಕ್ಷನ್ಸ್’ (ಗೂಗಲ್ ಸಿಬ್ಬಂದಿ ಪರಿಶೀಲಿಸಿ ಕೈಗೊಂಡ ಕ್ರಮ) ವಿಭಾಗ ನೋಡಬೇಕು. ಅಲ್ಲಿ ಸೂಚನೆ ಇಲ್ಲದಿದ್ದರೆ ಗಾಬರಿ ಬೇಡ. ‘ಅಸಹಜ ಲಿಂಕುಗಳು’ ಎಂಬ ಸೂಚನೆ ಇದ್ದರೆ ಲಿಂಕುಗಳ ವರದಿಯನ್ನು ಇಳಿಸಿಕೊಂಡು, ಕೊಂಡವನ್ನು ಗುರುತು ಮಾಡಿ, ಆಯಾ ತಾಣದವರಿಗೆ ಪತ್ರ ಬರೆದು ತೆಗೆಸಿ. ತೆಗೆಯದೆ ಉಳಿದವನ್ನು ಸಾಲಿಗೊಂದರಂತೆ ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಆ ಲಿಂಕುಗಳನ್ನು ಎಣಿಸಬೇಡಿ ಎಂದು ಗೂಗಲ್‌ಗೆ ತಿಳಿಸುವ ‘ಡಿಸ್‌ಅವೌ’ ಸಲಕರಣೆಗೆ ಹಾಕಿ. ಮಿತಿ 1 ಲಕ್ಷ ಸಾಲು, 2 ಎಂಬಿ. ಹೊಸ ಫೈಲ್ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ, ಹಾಗಾಗಿ ಪ್ರತಿ ಬಾರಿಯೂ ಪೂರ್ತಿ ಪಟ್ಟಿ ಬೇಕು. ಕೊನೆಗೆ, ಮಾಡಿದ್ದನ್ನೆಲ್ಲ ಮುಚ್ಚಿಡದೆ ತಿಳಿಸಿ ಮರುಪರಿಶೀಲನೆಗೆ ಮನವಿ ಸಲ್ಲಿಸಿ. ಅವಸರದಲ್ಲಿ ಒಳ್ಳೆಯ ಲಿಂಕುಗಳನ್ನೂ ಫೈಲ್‌ಗೆ ಸೇರಿಸಿ ಇದ್ದ ಸ್ಥಾನವನ್ನೂ ಕಳೆದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು.

ಹಾಗಾದರೆ ಲಿಂಕ್ ಬೇಡವೇ? ಬೇಕು. ಆದರೆ ಊರಿನ ಗಿರಾಕಿಯನ್ನು ನಂಬಿದ ಅಂಗಡಿ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ವಿಳಾಸ, ವೇಳೆ, ಫೋಟೊ ಸರಿಪಡಿಸಲಿ, ಅದು ಉಚಿತ. ಆಮೇಲೆ ಸರಕು ಕೊಡುವ ಸಗಟು ವ್ಯಾಪಾರಿ, ಸದಸ್ಯತ್ವ ಇರುವ ವರ್ತಕರ ಸಂಘ ಇವರ ತಾಣಗಳಲ್ಲಿ ಹೆಸರು ಸೇರಿಸುವಂತೆ ಕೇಳಲಿ. ಇಂಥ ಐದು ಲಿಂಕ್ ಸಾಕು.

ಪತ್ರಿಕೆಗಳಲ್ಲೂ ಒಂದು ಅರಿಕೆಯಿದೆ. ಬ್ರಿಟನ್ನಿನ ಇಂಟರ್‌ಫ್ಲೋರಾ ಎಂಬ ಹೂವಿನ ಕಂಪನಿ ಪ್ರಾದೇಶಿಕ ಪತ್ರಿಕೆಗಳ ತಾಣಗಳಲ್ಲಿ ಹಣ ಕೊಟ್ಟು ಲೇಖನ, ಲಿಂಕ್ ಹಾಕಿಸಿತ್ತು. 2013ರ ಫೆಬ್ರುವರಿಯಲ್ಲಿ, ಅದರ ಸ್ವಂತ ಹೆಸರಿನಲ್ಲಿ ಹುಡುಕಿದರೂ ತಾಣ ಸಿಗದಂತೆ ಗೂಗಲ್ ಮಾಡಿತು. ಲೇಖನ ಪ್ರಕಟಿಸಿದ ಪತ್ರಿಕಾ ತಾಣಗಳ ಪೇಜ್‌ರ‍್ಯಾಂಕ್ ಅಂಕವೂ ಕುಸಿಯಿತು. 2024ರ ಮೇ ತಿಂಗಳಿನಿಂದ, ಸುದ್ದಿತಾಣದ ಹೆಸರಿನ ಬಲದಲ್ಲಿ ಹೊರಗಿನವರ ಪುಟಗಳನ್ನು ಮೇಲಕ್ಕೇರಿಸುವುದರ ವಿರುದ್ಧವೂ ಗೂಗಲ್ ಕ್ರಮ ಕೈಗೊಳ್ಳುತ್ತಿದೆ. ಹಣ ಪಡೆದ ಲಿಂಕಿಗೆ ಹಾಕಲು 2019ರಿಂದ ‘ಸ್ಪಾನ್ಸರ್ಡ್’ ಎಂಬ, ಇದು ಹಣದ ಲಿಂಕೆಂದು ಗೂಗಲ್‌ಗೆ ತಿಳಿಸುವ ಕೋಡ್ ಗುರುತೇ ಇದೆ. ಕನ್ನಡದ ಸುದ್ದಿತಾಣಗಳು ಪ್ರಾಯೋಜಿತ ಲೇಖನದ ಪ್ರತಿ ಲಿಂಕಿಗೂ ಅದನ್ನು ಹಾಕಲಿ. ‘ಈ ಲಿಂಕಿನಿಂದ ರ‍್ಯಾಂಕ್ ಏರುವುದಿಲ್ಲ’ ಎಂದು ಜಾಹೀರಾತು ದರಪಟ್ಟಿಯಲ್ಲೇ ಮುದ್ರಿಸಲಿ.

– ವೆಬ್‌ಸೈಟ್ ನಿರ್ವಹಣೆ ವೃತ್ತಿನಿರತರು, ಮೈಸೂರು