ಹಡಗಿನ ಕ್ಯಾಪ್ಟನ್ ಅಂತ ಹೇಳಿದ್ದೀಯಂತೆ!

ಚಾಲೊಂಗ್ ಕೊಲ್ಲಿ, ಫುಕೆಟ್, ಥಾಯ್ಲೆಂಡ್
ಫೆಬ್ರವರಿ 2

ಅವ್ವನಿಗೆ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು, ಕಬ್ಬು ಕಡಿಯೋಕೆ ಆಳು ಸಿಗದಿರೋದು, ಎಲ್ಲ ಪುಟ್ಟಿ ಬರೆದಿದ್ದಾಳೆ. ಅದನ್ನು ಫೋನಿನಲ್ಲಿ ಮಾತಾಡೋಣ. ಮೊದಲು ಪುಟ್ಟಿಗೆ ಬಂದಿರುವ ಕೆ.ಎಂ.ದೊಡ್ಡಿ ಸಂಬಂಧದ ವಿಷಯ.

ಹುಡುಗನ ಕಡೆಯವರ ಹತ್ತಿರ ನಾನು ಹಡಗಿನಲ್ಲಿ ಕ್ಯಾಪ್ಟನ್ ಅಂತ ಹೇಳಿದ್ದೀಯಂತೆ. ಪೂರ್ತಿ ಸುಳ್ಳೇನಲ್ಲ ಬಿಡು. ಕಾಗದಪತ್ರದಲ್ಲಿ ನಾನೇ ಕ್ಯಾಪ್ಟನ್, ನಿನ್ನ ಸೊಸೆ ಶೋಭಾ ಸಿಬ್ಬಂದಿ. ಬಂದರು ಕಚೇರಿಯವರು ಹಾಗೇ ಸೀಲ್ ಒತ್ತಿ ಕೊಡುತ್ತಾರೆ. ಇರೋ ಒಬ್ಬಳು ಸಿಬ್ಬಂದಿ ನನ್ನ ಮಾತು ಕೇಳಲ್ಲ, ಅದು ಬೇರೆ. ಆದರೆ ಹುಡುಗನ ಅಪ್ಪ ಈಗ ಹಡಗಿನ ಹೆಸರೇನು, ಯಾವ ಕಂಪನಿ, ಸಂಬಳ ಎಷ್ಟು ಅಂತ ಕೇಳುತ್ತಿದ್ದಾರಲ್ಲ, ಏನು ಹೇಳುತ್ತೀಯ? ಇದು 36 ಅಡಿಯ ಹಾಯಿದೋಣಿ ಅವ್ವ. ಒಳಗೆ ನೆಟ್ಟಗೆ ನಿಂತರೆ ನನ್ನ ತಲೆ ತಾಗುತ್ತದೆ.

ಇದನ್ನೆಲ್ಲ ಎಬ್ಬಿಸಿದ್ದು ದೊಡ್ಡಪ್ಪ ಅಂತ ಗೊತ್ತು. ವಿಜಯನಗರ ನಾಲ್ಕನೇ ಹಂತದ ಸೈಟು ಮಾರಿ ದೋಣಿ ತಗೊಂಡವನು ಅಂತ ಮಂಡ್ಯದಿಂದ ಮೈಸೂರಿನ ತನಕ ನನ್ನ ಹೆಸರು ಓಡಾಡುತ್ತಿದೆಯಂತೆ. ಮಾರಿದ್ದು ನಿಜ. ನಾನು ದುಡಿದು ತಗೊಂಡಿದ್ದ ಸೈಟು ಅದು. ಪುಟ್ಟಿ ಮದುವೆಗೆ ಅಂತ ಇಟ್ಟ ಎಫ್‌ಡಿಯಲ್ಲಿ ಒಂದು ರೂಪಾಯಿ ಮುಟ್ಟಿಲ್ಲ. ಬಾಂಡು ಬೀರುವಿನಲ್ಲಿ ನಿನ್ನ ರೇಷ್ಮೆ ಸೀರೆಗಳ ಕೆಳಗೇ ಇದೆ. ತೆಗೆದು ದೊಡ್ಡಪ್ಪನ ಮುಂದೆ ಇಡು. ಛತ್ರದ ಅಡ್ವಾನ್ಸನ್ನೂ ನಾನೇ ಕಳಿಸುತ್ತೇನೆ. ಹಳೇ ಕೆಲಸವನ್ನೇ ಇಲ್ಲಿ ಕೂತು ಮಾಡುತ್ತಿದ್ದೇನೆ, ಸೋಲಾರ್‌ನಲ್ಲಿ ಲ್ಯಾಪ್‌ಟಾಪ್ ನಡೆಯುತ್ತದೆ, ಸಂಬಳ ಬರುತ್ತಿದೆ. ದುಡ್ಡಿನ ಚಿಂತೆ ಬೇಡವೇ ಬೇಡ.

ಹುಡುಗನ ದೊಡ್ಡಮ್ಮ ಸುನಾಮಿ ವಿಷಯ ಎತ್ತಿ ನಿನ್ನನ್ನು ಹೆದರಿಸಿದ್ದಾರೆ. 2004ರ ಡಿಸೆಂಬರ್ 26ಕ್ಕೆ ಇದೇ ಫುಕೆಟ್‌ಗೆ ಬಡಿದಿತ್ತು, ಹೌದು. ಆದರೆ ಆಳದ ಸಮುದ್ರದಲ್ಲಿ ಸುನಾಮಿ ಅಲೆ ಸಾಮಾನ್ಯವಾಗಿ ಒಂದು ಮೀಟರ್ ಎತ್ತರವೂ ಇರುವುದಿಲ್ಲ. ದೋಣಿಯ ಅಡಿಯಲ್ಲಿ ಹಾದುಹೋದರೂ ಗೊತ್ತಾಗಲ್ಲ. ದಡದ ಹತ್ತಿರ ಆಳ ಕಮ್ಮಿಯಾದಾಗ ಅದು ಎದ್ದು ನಿಲ್ಲುವುದು. ಈಗ ತೀರದಲ್ಲಿ ಎಚ್ಚರಿಕೆಯ ಗೋಪುರಗಳಿವೆ. ಸೈರನ್ ಕೂಗಿದರೆ ಲಂಗರು ಎತ್ತಿಕೊಂಡು ಆಳಕ್ಕೆ ಹೊರಡುವುದು, ಅಷ್ಟೇ.

ಅಪ್ಪನಿಗೆ ಇದನ್ನು ಹೇಳು, ಅವರಿಗೆ ಅರ್ಥವಾಗುತ್ತೆ. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ. ನಾವು ನಿಂತಿರುವ ಕಡೆ ಆಳ 7 ಮೀಟರ್, ಅಂದರೆ 23 ಅಡಿ. ಅದಕ್ಕೆ ಐದು ಪಟ್ಟು, 35 ಮೀಟರ್ ಸರಪಳಿ ಬಿಟ್ಟಿದ್ದೇನೆ. ಸರಪಳಿಯ ಭಾರ ನೆಲದ ಮೇಲೆ ಮಲಗಿರುತ್ತದೆ. ಗಾಳಿ ಎಳೆದಷ್ಟೂ ಲಂಗರು ನೇಗಿಲ ಗುಳದ ಹಾಗೆ ಕೆಸರಿಗೆ ಇಳಿಯುತ್ತದೆ. ಅಕಸ್ಮಾತ್ ದೋಣಿ ಜಾಸ್ತಿ ಜರುಗಿದರೆ ಫೋನು ಕೂಗಿಕೊಳ್ಳುತ್ತದೆ. ಮೊನ್ನೆ ರಾತ್ರಿ ಕೂಗಿತು. ಏನಿಲ್ಲ, ಗಾಳಿ ತಿರುಗಿತ್ತು ಅಷ್ಟೇ. ಪುಟ್ಟಿ, ಅವ್ವನಿಗೆ ಓದಿ ಹೇಳುವಾಗ ಈ ಸಾಲು ಬಿಟ್ಟುಬಿಡು.

ಇಲ್ಲಿನ ಜನ ತಮ್ಮ ದೋಣಿಯ ಮೂತಿಗೆ ಬಣ್ಣಬಣ್ಣದ ಬಟ್ಟೆ ಸುತ್ತಿ ಹೂವಿನ ಹಾರ ಹಾಕುತ್ತಾರೆ. ದೋಣಿ ಕಾಯೋಕೆ ಮೇ ಯಾ ನಾಂಗ್ ಅನ್ನೋ ದೇವತೆ ಇರುತ್ತಾಳಂತೆ. ಶೋಭಾನೂ ನಮ್ಮದಕ್ಕೆ ಹಾರ ಕಟ್ಟಿ, ನೀನು ಕೊಟ್ಟ ಚಾಮುಂಡಿ ಬೆಟ್ಟದ ಕುಂಕುಮ ಇಟ್ಟಿದ್ದಾಳೆ. ಇನ್ನೇನು ಬೇಕು? ಈ ಸಮುದ್ರದ ಹೆಸರೇ ಅಂಡಮಾನ್ ಸಮುದ್ರ. ಆಚೆ ದಡ ನಮ್ಮ ದೇಶದ್ದೇ.

ಊಟದ ಚಿಂತೆಯೂ ಬೇಡ. ಮಲೇಷ್ಯಾದಲ್ಲಿದ್ದಾಗ ರಾಗಿಹಿಟ್ಟು ತಂದಿಟ್ಟುಕೊಂಡಿದ್ದೇವೆ. ದೋಣಿ ಓಲಾಡಿದರೂ ಪಾತ್ರೆ ಚೆಲ್ಲಬಾರದು ಅಂತ ಇಲ್ಲಿ ಸ್ಟವ್ ಅನ್ನು ಎರಡೂ ಕಡೆ ತೂಗುಹಾಕಿರುತ್ತಾರೆ. ಸಾರಿಗೆ ಅದು ಸರಿ. ಮುದ್ದೆ ಕೋಲು ಹಾಕಿ ತಿರುವಿದರೆ ಸ್ಟವ್ವೂ ಕೋಲಿನ ಜೊತೆಗೇ ಬರುತ್ತದೆ! ಈಗ ಮೊದಲು ಸ್ಟವ್‌ನ ಚಿಲಕ ಹಾಕಿ, ನಾನು ಪಾತ್ರೆಯ ಕಿವಿ ಹಿಡಿದು, ಶೋಭಾ ತಿರುವುತ್ತಾಳೆ. ಪಕ್ಕದ ದೋಣಿಯ ಫ್ರೆಂಚ್ ಗಂಡ ಹೆಂಡತಿ ಊಟಕ್ಕೆ ಬಂದಿದ್ದರು. ನುಂಗಬೇಕು ಅಂತ ಹೇಳುವಷ್ಟರಲ್ಲಿ ಆಯಪ್ಪ ಅಗಿಯೋಕೆ ಶುರುಮಾಡಿದ್ದ. ಪಾಪ, ಬಹಳ ಹೊತ್ತು ಅಗಿದ. ಸ್ನಾನ ಉಪ್ಪುನೀರಿನಲ್ಲಿ, ಕೊನೆಗೆ ಎರಡು ಚೊಂಬು ಸಿಹಿನೀರು. ಉಪ್ಪುನೀರಿಗೆ ಮೈಸೋಪು ನೊರೆಯೇ ಬರಲ್ಲ, ಮೈಗೂ ಶಾಂಪೂನೇ.

ಮೀನು ಹಿಡಿಯೋಕೆ ಹೋಗಿದ್ದಾನಾ ಅಂತಲೂ ಯಾರೋ ನಕ್ಕರಂತೆ. ಆ ಕೆಲಸ ನನ್ನ ಕೈಲಾಗಲ್ಲ ಅಂತ ಹೇಳು. ರಾತ್ರಿ ಸಮುದ್ರದ ಮೇಲೆ ಸಾಲುಸಾಲು ಹಸಿರು ದೀಪ ಕಾಣುತ್ತದೆ, ಸ್ಕ್ವಿಡ್ ಹಿಡಿಯುವ ದೋಣಿಗಳು. ಬೆಳಗಾಗುವವರೆಗೂ ನಿದ್ದೆಗೆಟ್ಟು ದುಡಿಯುತ್ತಾರೆ.

ಸರಿ, ಮುಹೂರ್ತದ ಮಾತು. ವೈಶಾಖದಲ್ಲೇ ಇಟ್ಟುಕೊಳ್ಳಿ. ಕನ್ನಂಬಾಡಿ ತುಂಬಿಸುವ ಅದೇ ನೈಋತ್ಯ ಮುಂಗಾರು ಇಲ್ಲಿ ಮೇ ತಿಂಗಳಿಂದ ಅಲೆ ಎಬ್ಬಿಸುತ್ತದೆ. ಈಗ ಗಾಳಿ ಈಶಾನ್ಯದಿಂದ, ನೆಲದ ಕಡೆಯಿಂದ ಬರುತ್ತಿರುವುದರಿಂದ ಸಮುದ್ರ ತಣ್ಣಗಿದೆ. ಏಪ್ರಿಲ್ ಮುಗಿಯುವುದರೊಳಗೆ ಮಲೇಷ್ಯಾದ ಲಂಕಾವಿ ದ್ವೀಪಕ್ಕೆ ವಾಪಸ್. ಸುಮಾರು 220 ಕಿಲೋಮೀಟರ್, ಗಂಟೆಗೆ ಹತ್ತು ಹೋದರೆ ಪುಣ್ಯ. ಅಲ್ಲಿ ಕ್ರೇನಿನಿಂದ ಎತ್ತಿಸಿ ದಡದಲ್ಲಿ ನಿಲ್ಲಿಸಿಬಿಡುತ್ತೇವೆ. ದೋಣಿಯ ತಳಕ್ಕೆ ಅಂಟಿದ ಚಿಪ್ಪೆಲ್ಲ ಕೆರೆದು ಬಣ್ಣ ಹೊಡೆಯೋ ಕೆಲಸ ಇದೆ, ಅದು ಮದುವೆ ಆದಮೇಲೆ. ಕೌಲಾಲಂಪುರದಿಂದ ಬೆಂಗಳೂರಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ, ಅಷ್ಟೇ. ಯುಗಾದಿ ಆದಮೇಲೆ ನಿಶ್ಚಿತಾರ್ಥ ಅಂದರೂ ದೋಣಿ ಇಲ್ಲೇ ಬಿಟ್ಟು ನಾನೊಬ್ಬನೇ ಬರುತ್ತೇನೆ. ಚಪ್ಪರದ ಕಂಬ ನಾನೇ ನೆಡುತ್ತೇನೆ ಅಂತ ಅಪ್ಪನಿಗೆ ಹೇಳು, ಮಂಡಿ ನೋವಿಟ್ಟುಕೊಂಡು ಅವರು ಓಡಾಡುವುದು ಬೇಡ.

ಆದರೆ ನಿಶ್ಚಿತಾರ್ಥಕ್ಕೆ ಮೊದಲು ಅವರಿಗೆ ಇದ್ದದ್ದು ಇದ್ದಹಾಗೆ ಹೇಳಿಬಿಡು. ಫೋಟೋ ಕಳಿಸಿದ್ದೇನೆ, ತೋರಿಸು. ಅಣ್ಣ ದೋಣಿಯಲ್ಲಿದ್ದಾನೆ ಅಂತ ಬೇಡ ಅನ್ನುವವರಾದರೆ ಈಗಲೇ ಅನ್ನಲಿ, ಛತ್ರ ಗೊತ್ತುಮಾಡಿದ ಮೇಲೆ ಅಲ್ಲ. ಇನ್ನೊಂದು, ಪುಟ್ಟಿ ಎರಡು ಪುಟ ಬರೆದಿದ್ದಾಳೆ, ಹುಡುಗ ಹೇಗಿದ್ದಾನೆ ಅಂತ ಒಂದು ಸಾಲೂ ಇಲ್ಲ. ಅವಳನ್ನು ಕೇಳಿದ್ದೀರಾ?

ಇಳಿತ ಶುರುವಾಗಿದೆ. ನೀರು ಪೂರ್ತಿ ಇಳಿಯುವುದರೊಳಗೆ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಿ ಗ್ಯಾಸ್ ತರಬೇಕು, ಇಲ್ಲದಿದ್ದರೆ ಮೊಣಕಾಲುದ್ದ ಕೆಸರು. ಶೋಭಾ ಕೂಗುತ್ತಿದ್ದಾಳೆ. ಅಪ್ಪನಿಗೆ ಎಕ್ಸ್‌ರೇ ತೆಗೆಸಿ. ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ಮಗ
(ಕ್ಯಾಪ್ಟನ್)