ಹಿನ್ನೀರಿನ ನಡುವೆ ಚಪ್ಪಲಿ ಬಿಚ್ಚಿದ ಅಜ್ಜಿ

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆಯನ್ನು ಎರಡು ಸಲ ಓದಿದೆ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರು, ಆ ಊರನ್ನು ಮರೆಯಲಾರದ ಅಜ್ಜಿ, ಅವಳನ್ನು ನೋಡಿಕೊಳ್ಳಲೆಂದು ಬೆಂಗಳೂರು ಬಿಟ್ಟು ಬಂದು ಕೊನೆಗೆ ತನ್ನ ಪ್ರೀತಿಯನ್ನೂ ಕಳೆದುಕೊಳ್ಳುವ ಮೊಮ್ಮಗಳು, ಇವರನ್ನೆಲ್ಲ ಒಂದೇ ಕತೆಯಲ್ಲಿ ಹಿಡಿಯಲು ಹೊರಟಿದ್ದೀಯ. ಕತೆ ನಿನ್ನ ಸ್ವಂತ ಅಜ್ಜಿಯಿಂದ ಬಂದದ್ದೆಂದು ಬರೆದಿದ್ದೀಯಾದ್ದರಿಂದ ನಾನೂ ಎಚ್ಚರದಿಂದ ಮಾತಾಡಬೇಕಾಗಿದೆ.

ಮೊದಲು, ನನ್ನನ್ನು ಇಡೀ ರಾತ್ರಿ ಬಿಡದೆ ಕಾಡಿದ ದೃಶ್ಯದ ಬಗ್ಗೆ. ಲಾಂಚು ಅಂಬಾರಗೋಡ್ಲು ದಡ ಬಿಟ್ಟು ನಡುನೀರಿಗೆ ಬಂದಾಗ ಅಜ್ಜಿ ಯಾರಿಗೂ ಏನೂ ಹೇಳದೆ ಚಪ್ಪಲಿ ಬಿಚ್ಚಿ ಪಕ್ಕಕ್ಕಿಡುತ್ತಾಳೆ. ಆಚೆ ದಡ ಹತ್ತಿರವಾದಾಗ ಮತ್ತೆ ಮೆಟ್ಟಿಕೊಳ್ಳುತ್ತಾಳೆ. ಇಷ್ಟರಲ್ಲೇ ಪ್ರೀತಿ, ನಷ್ಟ, ನೆನಪು ಮೂರೂ ಇವೆ. ಆದರೆ ಮರುಕ್ಷಣವೇ ಮೊಮ್ಮಗಳ ಬಾಯಲ್ಲಿ "ಕೆಳಗೆ ನಮ್ಮ ಚೌಡಮ್ಮನ ಗುಡಿ ಇತ್ತಲ್ಲ" ಎಂದು ಹೇಳಿಸಿ, ಪ್ರೇಕ್ಷಕನ ಕೈಗೆ ಸಿಗಬೇಕಾದದ್ದನ್ನು ನೀನೇ ಕಸಿದುಕೊಂಡಿದ್ದೀಯ. ಆ ಮಾತನ್ನು ತೆಗೆದುಬಿಡು. ಬೇಸಿಗೆಯಲ್ಲಿ ನೀರು ಇಳಿದು, ಸತ್ತ ಮರಗಳ ಬೊಡ್ಡೆಗಳ ನಡುವೆ ಒಂದು ಕಲ್ಲಿನ ಅಡಿಪಾಯ ಕಾಣಿಸಿಕೊಳ್ಳುವವರೆಗೂ ಅವನು ಕಾಯಲಿ. ಆ ನೆಲವೇ ನಿನಗೆ ನೆರವಾಗುತ್ತದೆ: 1948ರಲ್ಲಿ ಮಡೆನೂರಿನಲ್ಲಿ ಕಟ್ಟಿ ಮುಗಿಸಿದ ಹಿರೇಭಾಸ್ಕರ ಅಣೆಕಟ್ಟೆ 1964ರಲ್ಲಿ ಶರಾವತಿಗೇ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಡಿ ಹೋಯಿತು, ಮತ್ತು ನೀರು ತೀರಾ ಇಳಿದ ವರ್ಷಗಳಲ್ಲಿ ಅದು ಮತ್ತೆ ಎದ್ದು ನಿಲ್ಲುತ್ತದೆ. ಅಣೆಕಟ್ಟೆಯೇ ಮುಳುಗಡೆಯಾದ ಊರಿನಲ್ಲಿ ನೆನಪನ್ನು ತೋರಿಸಲು ಫ್ಲ್ಯಾಶ್‌ಬ್ಯಾಕ್ ಏಕೆ ಬೇಕು?

ಇನ್ನು ಜೀಪು, ಅಧಿಕಾರಿಗಳು, ಘೋಷಣೆ, ಅಜ್ಜನ ಎರಡು ಪುಟದ ಭಾಷಣ. ಕೋಪ ನ್ಯಾಯವಾದದ್ದೇ, ಅರವತ್ತು ವರ್ಷ ದಾಟಿದರೂ ತಮ್ಮ ನೆಲಕ್ಕೆ ಹಕ್ಕುಪತ್ರ ಸಿಗದ ಶರಾವತಿ ಸಂತ್ರಸ್ತರು ಇಂದಿಗೂ ಇದ್ದಾರೆ. ಆದರೆ ಮುಳುಗಡೆ ಮನೆಯೊಳಗೆ ಹೇಗೆ ಹೊಕ್ಕಿತು ಎಂಬುದನ್ನು ಭಾಷಣ ತೋರಿಸಲಾರದು. ಗಿರೀಶ ಕಾಸರವಳ್ಳಿಯವರ 'ದ್ವೀಪ'ವನ್ನು ಮತ್ತೊಮ್ಮೆ ನೋಡು. ಮೂಲ ಕಾದಂಬರಿ ಬರೆದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು; ಸಿಟ್ಟಿಗೆ ಅವರಲ್ಲಿ ಕಾರಣಗಳು ಕಡಿಮೆಯಿರಲಿಲ್ಲ. ಚಿತ್ರದಲ್ಲಿ ಊರೆಲ್ಲ ಖಾಲಿಯಾಗುತ್ತದೆ, ದುಗ್ಗಜ್ಜನ ಮನೆಯೊಂದು ಉಳಿಯುತ್ತದೆ, ಮಳೆ ಬಿಡುವುದಿಲ್ಲ. ಆದರೆ ಕತೆ ನಡೆಯುವುದು ಗಣಪ ಮತ್ತು ನಾಗಿಯ ದಾಂಪತ್ಯದಲ್ಲಿ. ನೆರವಿಗೆಂದು ಬಂದ ಕೃಷ್ಣನ ಜೊತೆ ಹೆಂಡತಿ ನಕ್ಕದ್ದು ಗಣಪನ ಎದೆಯಲ್ಲಿ ಮುಳ್ಳಾಗುತ್ತದೆ. ಸುತ್ತ ಏರುವ ನೀರಿಗಿಂತ ಆ ಸಂಶಯಕ್ಕೇ ನಾವು ಹೆಚ್ಚು ಹೆದರುತ್ತೇವೆ. ಕೊನೆಯಲ್ಲಿ ನಾಗಿ ಜೀವ ಪಣಕ್ಕಿಟ್ಟು ಮನೆಯನ್ನು ಉಳಿಸಿಕೊಂಡಾಗ ಗಂಡ ಅದೆಲ್ಲ ದೇವರ ದಯೆ ಎನ್ನುತ್ತಾನೆ. ಆಗ ನಾಗಿಯ ಪಾತ್ರ ಮಾಡಿದ ನಟಿ ಸೌಂದರ್ಯ ಅವರ ಮುಖದ ಮೇಲೆ ಹಾದುಹೋಗುವುದನ್ನು ನೋಡು. ಯಾವ ನೀರಿಗೂ ಆಗದ ಮುಳುಗಡೆ ಅಲ್ಲಿ ಆಗುತ್ತದೆ. 2001ರ ಸಾಲಿನ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಪಡೆದ ಆ ಚಿತ್ರವನ್ನು ನಿರ್ಮಿಸಿದವರೂ ಅವರೇ ಎಂಬುದನ್ನು ನೆನೆದಾಗಲೆಲ್ಲ ನನ್ನ ಗೌರವ ಹೆಚ್ಚುತ್ತದೆ.

ನಿನ್ನ ಕತೆಯ ಹುಡುಗನನ್ನು ಈ ದೃಷ್ಟಿಯಿಂದ ಇನ್ನೊಮ್ಮೆ ಯೋಚಿಸು. ಈಗ ಅವನು ಫೋನಿನಲ್ಲಿ ಜಗಳವಾಡಲಷ್ಟೇ ಬರುತ್ತಾನೆ. ಒಮ್ಮೆ ಅವನನ್ನೂ ಆ ಮನೆಗೆ ಕರೆತಂದು, ಅಜ್ಜಿಗೆ ಗಂಜಿ ಬಡಿಸುವ ಹೊತ್ತಿನಲ್ಲಿ ಜಗಲಿಯ ಮೇಲೆ ಕೂರಿಸಿದರೆ, ಅವನು ಏಕೆ ಉಳಿಯಲಾರ ಎಂಬುದು ಅವನು ಬಾಯಿ ಬಿಡದೆಯೇ ತಿಳಿಯುತ್ತದೆ.

ಯಾರ ಕಣ್ಣಿನಿಂದ ನೋಡಬೇಕು ಎಂದು ಕೇಳಿದ್ದೀಯ. ಕಾಸರವಳ್ಳಿಯವರದೇ 1977ರ ಚಿತ್ರ 'ಘಟಶ್ರಾದ್ಧ'ದಲ್ಲಿ, ಬದುಕಿರುವಾಗಲೇ ತಂದೆಯಿಂದ ಶ್ರಾದ್ಧ ಮಾಡಿಸಿಕೊಂಡು ಬಹಿಷ್ಕೃತಳಾಗುವ ಯಮುನಕ್ಕನನ್ನು ನಾವು ನಾಣಿಯೆಂಬ ಪುಟ್ಟ ಹುಡುಗನ ಪಕ್ಕದಲ್ಲಿ ನಿಂತು ನೋಡುತ್ತೇವೆ. ಅವನಿಗೆ ಎಲ್ಲವೂ ಅರ್ಥವಾಗುವುದಿಲ್ಲ, ಆದರೆ ಎಲ್ಲವೂ ತಾಗುತ್ತದೆ. ಆ ಚಿತ್ರ 2024ರಲ್ಲಿ ಪುನರುಜ್ಜೀವನಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆ ಕಂಡಿತು. ನಿನ್ನ ಮೊಮ್ಮಗಳಿಗೂ ಎಲ್ಲ ಗೊತ್ತಿರಬೇಕಿಲ್ಲ. ಈಗ ಅವಳಿಗೆ ಇತಿಹಾಸದ ಮೇಷ್ಟರಷ್ಟು ಗೊತ್ತಿದೆ.

ಸಂಭಾಷಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿನ್ನ ಸಾಗರ ಸೀಮೆಯ ಜನ ಧಾರಾವಾಹಿಯ ಕನ್ನಡ ಮಾತಾಡುತ್ತಿದ್ದಾರೆ. ಮಂಡ್ಯದ ನೊದೆಕೊಪ್ಪಲಿನಲ್ಲಿ ಅಲ್ಲಿನವರನ್ನೇ ಇಟ್ಟುಕೊಂಡು ತೆಗೆದ 'ತಿಥಿ' ಚಿತ್ರದ ಬರವಣಿಗೆಯಲ್ಲಿ ಆ ಊರನ್ನು ಬಲ್ಲ ಈರೇಗೌಡರ ಕೈಯಿತ್ತು, ಆದ್ದರಿಂದಲೇ ಅಲ್ಲಿನ ಬೈಗುಳಕ್ಕೂ ಲಯವಿದೆ. ನಿನಗೆ ನಿನ್ನ ಮನೆಯ ಮಾತು ಇದೆ, ಅದರಲ್ಲೇ ಬರೆ.

ಕೊನೆಯದಾಗಿ, ನೀನು ಗಮನಿಸದ ಒಂದು ವಿಷಯ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ರಾತ್ರಿ ಲಾಂಚಿಲ್ಲದೆ ರೋಗಿಗಳನ್ನು ದಡದಲ್ಲೇ ಇಟ್ಟುಕೊಂಡು ಕಾದ ಜನಕ್ಕೆ ಅದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು ನಿನ್ನ ಚಿತ್ರ ಮರೆಯಬಾರದು. ಆದರೆ ಈಗ ಬಸ್ಸು ಕೆಲವೇ ನಿಮಿಷಗಳಲ್ಲಿ ಆಚೆ ಸೇರುತ್ತದೆ. ಅಜ್ಜಿಯ ಕಾಲಿನ ಕೆಳಗೆ ಗುಡಿ ಯಾವಾಗ ಬಂತು, ಯಾವಾಗ ಹೋಯಿತು ಎಂದು ಅವಳಿಗೆ ಹೇಗೆ ತಿಳಿಯಬೇಕು? ಚಪ್ಪಲಿ ಬಿಚ್ಚಲು ಬಗ್ಗುವಷ್ಟರಲ್ಲಿ ಸೇತುವೆ ಮುಗಿದಿರುತ್ತದೆ. ಕತೆ ಸೇತುವೆಯ ಮೊದಲು ನಡೆಯುತ್ತದೆಯೋ ಆಮೇಲೋ ಎಂಬುದನ್ನು ಮೊದಲು ತೀರ್ಮಾನಿಸು. ನನ್ನನ್ನು ಕೇಳಿದರೆ, ಎರಡೂ ಬೇಕು.

ನಿನ್ನ ಅಜ್ಜಿ ಲಾಂಚಿನಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ಕೂರುತ್ತಿದ್ದರು ಎಂಬುದನ್ನು ಅವರನ್ನೇ ಕೇಳಿ, ಮುಂದಿನ ಪತ್ರದಲ್ಲಿ ತಿಳಿಸು.

ನಿನ್ನ ಒಳಿತನ್ನು ಬಯಸುವ,
ಅಣ್ಣ