ಮುತ್ಯಾನ ರೇಡಿಯೋ ಹಚ್ಚಬ್ಯಾಡ್ರಿ

ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್

ಅಪ್ಪಾಗ ಶರಣು ಶರಣಾರ್ಥಿ,

ನಾನು ಆರಾಮ ಇದ್ದೀನಿ. ಕಲಬುರಗಿ ಮನಿ ಅಟ್ಟದಿಂದ ಮುತ್ಯಾನ ರೇಡಿಯೋ ಇಳಿಸೀರಿ ಅಂತ ತಂಗಿ ಹೇಳಿದಳು. ಛಲೋ ಆಯ್ತು. ಆದ್ರ ಪ್ಲಗ್ಗಿಗೆ ಮಾತ್ರ ಹಚ್ಚಬ್ಯಾಡ್ರಿ. ಹಳೇ ಕಬ್ಬಿಣ ಕೊಳ್ಳೋ ಭಂಗಾರದವನಿಗೂ ಕೊಡಬ್ಯಾಡ್ರಿ, ನನಗ ಅದು ಬಂಗಾರನ.

ಇಲ್ಲಿ ಚಳಿಗಾಲದಾಗ ನಾಲ್ಕೂವರಿಗೇ ಕತ್ತಲಾಗ್ತದ. ಡ್ಯೂಟಿ ಮುಗಿಸಿ ಬಂದು ಏನ್ ಮಾಡ್ಲಿ? ಹಳೇ ಸಾಮಾನಿನ ಸಂತ್ಯಾಗ ಒಂದು ಫಿಲಿಪ್ಸ್ ವಾಲ್ವ್ ರೇಡಿಯೋ ತಂದೆ. ಫಿಲಿಪ್ಸ್ ಅಪ್ಪ-ಮಗ 1891ರಾಗ ಬಲ್ಬಿನ ಕಾರ್ಖಾನಿ ಹಾಕಿದ್ದು ಇದೇ ಊರಾಗ. ವಾಲ್ವೂ ಒಂಥರಾ ಬಲ್ಬೇ, ಒಳಗಿನ ತಂತಿ ಕೆಂಪಗ ಕಾದ ಮ್ಯಾಲೇ ಅದರ ಕೆಲಸ. ಅದಕ್ಕೇ ಮುತ್ಯಾ ಸ್ವಿಚ್ ತಿರುವಿ, "ತಡಿ, ಕಾಯಲಿ" ಅಂತ ಎಲಿ-ಅಡಕಿ ಹಾಕ್ಕೋತ ಕೂಡ್ತಿದ್ದ.

ವಾಲ್ವಿಗಿಂತ ಮೊದಲು ಕೆಡೋದು ಕಂಡೆನ್ಸರ್ ಅಪ್ಪಾ, ಕರೆಂಟ್ ಕೂಡಿಡೋ ಬಿಡಿಭಾಗ. ಮೇಣದ ಕಾಗದದವು ವರ್ಷಗಟ್ಟಲೆ ಕುಂತು ಕರೆಂಟ್ ಸೋರಿಸ್ತಾವ. ಸ್ಪೀಕರ್ ನಡಸೋ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ, ಅಂದ್ರ ಕರೆಂಟ್ ಹಿಡತದಾಗ ಇಡೋ ಜಾಲರಿಗೆ, ಹೋಗೋ ಒಂದು ಸಣ್ಣದು ಸೋರಿದ್ರ ಸಾಕು, ಇಎಲ್84 ಅನ್ನೋ ಆ ವಾಲ್ವ್ ತಾಳಲಾರದಷ್ಟು ಕರೆಂಟ್ ಎಳದು ಸಾಯ್ತದ, ಟ್ರಾನ್ಸ್‌ಫಾರ್ಮರನ್ನೂ ಸುಟ್ಟು ಹೋಗ್ತದ. ಮೊದಲನೇ ರೇಡಿಯೋ ನಾನು ಹಿಂಗೇ ಸುಟ್ಟೆ. ತಂದ ದಿನಾನೇ ಹಚ್ಚಿದ್ದೆ, ತಡಿಲಾರದ ಆಸಿ. ಆಮ್ಯಾಲ ತಂದ ಎರಡನೇ ರೇಡಿಯೋದಾಗ ಪ್ಲಗ್ ಕಿತ್ತು ಕೈ ಹಾಕಿದ್ರೂ ಫಿಲ್ಟರ್ ಕಂಡೆನ್ಸರ್ ಹೊಡೀತು, ಮೊಣಕೈ ತನಕ ಜುಂ ಅಂತು. (ಅವ್ವಗ ಇದು ಓದಿ ಹೇಳಬ್ಯಾಡ್ರಿ.) ಕಡೀಕ ಕಂಡೆನ್ಸರ್ ಬದಲಿಸಿ, ಕರೆಂಟ್ ಮೊದಲು ಬಲ್ಬ್ ದಾಟಿ ಬರೋಹಂಗ ಸೀರೀಸಿಗೆ 60 ವಾಟಿನ ಬಲ್ಬ್ ಹಾಕಿ ಹಚ್ಚಿದೆ. ಬಲ್ಬ್ ಒಮ್ಮೆ ಬೆಳಗಿ ಮಂದ ಆಯ್ತು, ಅಂದ್ರ ಶಾರ್ಟ್ ಇಲ್ಲ. ಟ್ಯೂನಿಂಗಿನ ಹಸಿರು ಕಣ್ಣು, ಸ್ಟೇಷನ್ ಸಿಕ್ಕಿದ್ದು ತೋರಿಸೋ ದೀಪ, ತೆರೀತು!

ತೆರೆದು ಏನ್ ಮಾಡೋದು? ಇಲ್ಲಿನ ಸರ್ಕಾರಿ ರೇಡಿಯೋದವರು 2015ರಾಗೇ ಈ ಹಳೇ ರೇಡಿಯೋ ಹಿಡಿಯೋ ಮೀಡಿಯಂ ವೇವ್ ಬಂದ್ ಮಾಡ್ಯಾರ. ಹಗಲೆಲ್ಲ ಜೋಳ ಹುರಿದಂಗ ಚಟಚಟ.

ನಮ್ಮ ರೇಡಿಯೋದ ಗಾಜಿನ ಮ್ಯಾಲ, 271 ಮೀಟರ್ ಹತ್ತಿರ, ಎಲಿಗೆ ಹಚ್ಚೋ ಸುಣ್ಣದ್ದೇ ಒಂದು ಚುಕ್ಕಿ ಇಟ್ಟಿದ್ದ ಮುತ್ಯಾ. 1107 ಕಿಲೋಹರ್ಟ್ಜ್, 1966ರಾಗ ಶುರುವಾದ ನಮ್ಮ ಗುಲಬರ್ಗಾ ಸ್ಟೇಷನ್. ಆ ಚುಕ್ಕಿ ಇನ್ನೂ ಅದ ಏನು ನೋಡ್ರಿ.

ದೀಪಾವಳಿಗೆ ಬರೋವಾಗ ಕಂಡೆನ್ಸರ್ ತರ್ತೀನಿ. ಹಿಂದಿನ ಹಲಗಿ ಬಿಚ್ಚಿ ವಾಲ್ವಿನ ನಂಬರಿನ ಫೋಟೋ ಕಳಿಸ್ರಿ. ಅವ್ವ ಒದ್ದಿ ಅರಿವಿ ತಗೊಂಡು ಬರ್ತಾಳ, ನನಗ ಗೊತ್ತದ. ವಾಲ್ವ್ ಒರೆಸಿದ್ರ ನಂಬರ್ ಅಳಿಸಿ ಹೋಗ್ತಾವ ಅನ್ರಿ. ಗಾಜಂತೂ ಮುಟ್ಟಲೇಬ್ಯಾಡ ಅನ್ರಿ.

ನಿಮ್ಮ ಮಗ